ಬಲಗಡೆಯ ಹೂವು

ಕೊಯ್ದು ಹೊಲದಲ್ಲೇ ಬಿಟ್ಟ ರಾಗಿ ಸೋನೆ ಮಳೆಗೆ ನೆಂದರೆ ಒಂದು ವಾಸನೆ ಬರುತ್ತದೆ. ಅರ್ಧ ಹಸಿ ಹಿಟ್ಟಿನದು, ಅರ್ಧ ಒದ್ದೆ ಗೋಣಿಚೀಲದ್ದು. ಮೊನ್ನೆ ಬೆಳಗ್ಗೆ ಹಾಲಿನ ಡೈರಿಯ ಬಾಗಿಲು ತೆಗೆಯುವಾಗ ಗಾಳಿ ಆ ವಾಸನೆಯನ್ನು ತಂದು ನನ್ನ ಮುಖಕ್ಕೇ ಹಿಡಿಯಿತು. ಹಿಂದೆ ನಿಂತಿದ್ದ ಸೆಕ್ರೆಟ್ರಿ ರಂಗೇಗೌಡರು, "ಮತ್ತೆ ಸೈಕ್ಲೋನಂತೆ ಕಣ್ಲಾ ಕಿಟ್ಟ," ಅಂದರು. ಅಷ್ಟು ಹೇಳಿ ಒಳಗೆ ಹೋದರು. ಹಿಂದೆಲ್ಲ ಆಗಿದ್ದರೆ "ಎಲ್ಲಿ, ಸುದ್ದಿ ಓದ್ಲಾ" ಅನ್ನುತ್ತಿದ್ದರು, ನಾನು ಲ್ಯಾಕ್ಟೋಮೀಟರನ್ನೇ ಮೈಕ್ ಮಾಡಿಕೊಂಡು ಟೀವಿಯವಳ ದನಿಯಲ್ಲಿ ಶುರು ಹಚ್ಚಿಕೊಳ್ಳುತ್ತಿದ್ದೆ.

ನಮ್ಮೂರು ದುದ್ದದಿಂದ ಒಳಗೆ. ಯಾವ ಕಡೆಯ ಸಮುದ್ರವೂ ನಮಗೆ ಹತ್ತಿರವಿಲ್ಲ. ಊರಿನ ಮುಕ್ಕಾಲು ಪಾಲು ಜನ ಸಮುದ್ರದಲ್ಲಿ ಕಾಲು ನೆನೆಸಿದವರೂ ಅಲ್ಲ. ಆದರೂ ರಾಗಿ ಕೊಯ್ಲು ಶುರುವಾಯಿತೆಂದರೆ ಊರಿಗೆ ಊರೇ ಬಂಗಾಳಕೊಲ್ಲಿಯ ಕಡೆ ಮುಖ ಮಾಡಿ ಕೂರುತ್ತದೆ. ಅಲ್ಲಿ ವಾಯುಭಾರ ಕುಸಿದರೆ ಇಲ್ಲಿ ನಮ್ಮ ಮೋರೆ ಕುಸಿಯುತ್ತದೆ. ಚಂಡಮಾರುತ ತಮಿಳುನಾಡಿನ ದಂಡೆಗೆ ಬಂದರೆ ನಮಗೆ ಬಿಸಿಲಿಲ್ಲ, ಬರೀ ಜಿಟಿಜಿಟಿ. ರಾಗಿ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಅದು ಮೇಲೆ ಆಂಧ್ರದ ಕಡೆ ತಿರುಗಿಕೊಂಡರೆ ನಮ್ಮ ಮೋಡವನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ನಮ್ಮೂರಿನ ಪ್ರಾರ್ಥನೆ ಒಂದೇ ಇತ್ತು: ಮೇಲಕ್ಕೆ ಹೋಗಲಿ. ಮೇಲೆ ಯಾರಿದ್ದಾರೆ ಅಂತ ನಾವು ಯೋಚಿಸಿದವರಲ್ಲ. ಟೀವಿಯ ಮ್ಯಾಪಿನಲ್ಲಿ ಮೇಲೆ ಇದ್ದದ್ದು ಬರೀ ಬಣ್ಣ.

ನಾನು ಆಗಲೂ ಡೈರಿಯಲ್ಲಿ ಹಾಲಿನ ಫ್ಯಾಟು ನೋಡುವವನು, ಈಗಲೂ ಅದೇ. ಡಿಗ್ರಿ ಇದೆ, ಅದರ ಫ್ಯಾಟು ಎಷ್ಟು ಅಂತ ಯಾರೂ ನೋಡಿಲ್ಲ. ಸಂಬಳವಿಲ್ಲದ ಇನ್ನೊಂದು ಕೆಲಸ ಮಿಮಿಕ್ರಿ. ರಂಗೇಗೌಡರ ಮೂಗಿನ ದನಿ, ಹಾಸನ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟು, ಚಳಿಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರು, ನಮ್ಮ ಮನೆ ಎಮ್ಮೆ, ಎಲ್ಲವೂ ನನ್ನ ಬಾಯಲ್ಲಿದ್ದವು. ಒಮ್ಮೆ ನನ್ನ ಸ್ವಂತ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಯಾವನೋ ಬಡಪಾಯಿಯನ್ನು ಇನ್ಯಾವನೋ ಕೆಟ್ಟದಾಗಿ ಅಣಕಿಸಿದಂತಿತ್ತು. ಅಂದಿನಿಂದ ಪರರ ದನಿಯೇ ವಾಸಿ ಅಂದುಕೊಂಡೆ.

ನನ್ನ ಅಣಕಕ್ಕೆ ಸರಿಸಮ ಉತ್ತರ ಕೊಡುತ್ತಿದ್ದವನು ಒಬ್ಬನೇ, ನಮ್ಮ ಸ್ವಾಮಿ ಭಾವ. ಅರಕಲಗೂಡಿನ ಕಡೆಯವನು. ಪವಿತ್ರಕ್ಕನನ್ನು ಮದುವೆಯಾಗಿ ನಮ್ಮನೆಗೇ ಅಳಿಯನಾಗಿ ಬಂದವನು. ಅವನದೊಂದು ಲಾರಿ. ಚನ್ನರಾಯಪಟ್ಟಣದ ಮಂಡಿಯಿಂದ ತೆಂಗಿನಕಾಯಿ ತುಂಬಿಕೊಂಡು ಪೂರ್ವದ ಕರಾವಳಿಗೆ ಹೋಗುವುದು, ಬರುವಾಗ ಸಿಕ್ಕಿದ್ದನ್ನು ತುಂಬಿಕೊಂಡು ಬರುವುದು. ಹಿಂದಿನ ಸೈಕ್ಲೋನಿನ ವರ್ಷ ಮಾತ್ರ ಬಿತ್ತನೆ ಹೊತ್ತಿಗೆ ಲಾರಿ ನಿಲ್ಲಿಸಿ, ನಮ್ಮ ಕೆರೆ ಹಿಂದಿನ ಹೊಲಕ್ಕೆ ತಾನೇ ಇಳಿದು ರಾಗಿ ಬಿತ್ತಿದ. ಜೀವಮಾನದಲ್ಲಿ ಅವನು ಬಿತ್ತಿದ ಮೊದಲ ಬೆಳೆ. ಸಾಲುಗಳು ಶಿರಾಡಿ ಘಾಟಿಯಂತೆ ಬಳುಕಿಕೊಂಡು ಹುಟ್ಟಿದವು.

"ಭಾವ, ಓವರ್‌ಟೇಕ್ ಮಾಡಕ್ಕೆ ಜಾಗನೂ ಬಿಟ್ಟಿದೀಯಲ್ಲ," ಅಂದೆ.

"ನಿನ್ ನಾಲ್ಗೆಗೆ ಬ್ರೇಕ್ ಆಕ್ಸ್ಬೇಕು ಕಣ್ಲಾ," ಅಂದ. "ಈ ರಾಗಿ ಮುದ್ದೆ ಉಣ್ತೀಯಲ್ಲ, ಅವತ್ ಮಾತಾಡ್ತೀನಿ ತಡಿ."

ರಾಗಿ ಮಾತ್ರ ಸೊಗಸಾಗಿ ಬಂತು. ಅವನು ಕಾಯಿ ಲೋಡು ಹಾಕಿಕೊಂಡು ಹೊರಟ ಮಾರನೇ ದಿನ ಅಕ್ಕ ಆಳು ಕರೆದು ಕೊಯ್ಯಿಸಿದಳು. ಕೊಯ್ದ ತೆನೆ ಹೊಲದಲ್ಲಿ ಒಣಗಲು ಮಲಗಿದ್ದಾಗಲೇ ಟೀವಿಯವರು ಸಮುದ್ರದಲ್ಲಿ ಸುತ್ತುವ ಬಿಳಿ ಚಕ್ರವನ್ನು ತೋರಿಸತೊಡಗಿದ್ದು. ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ನಮ್ಮೂರಲ್ಲಿ ಅದು ಯಾರ ಬಾಯಿಗೂ ಹೊರಳಲಿಲ್ಲ.

ಸಂಜೆ ಹಾಲು ಹಾಕುವ ಹೊತ್ತಿಗೆ ತಮಿಳುನಾಡಿನ ದಂಡೆಯಿಂದ ಭಾವನ ಫೋನು ಬಂತು. ಕ್ಯಾನಿನ ಮುಚ್ಚಳದ ಮೇಲಿಟ್ಟು ಸ್ಪೀಕರ್ ಹಾಕಿದೆ. ಸಾಲಿನಲ್ಲಿದ್ದವರೆಲ್ಲ ಬಗ್ಗಿ ನಿಂತರು.

"ಲಾ ಕಿಟ್ಟ, ಇಲ್ಲಿ ಕತೆನೇ ಬ್ಯಾರೆ ಕಣ್ಲಾ. ದೋಣಿಗಳ್ನೆಲ್ಲ ಟ್ರ್ಯಾಕ್ಟ್ರಲ್ಲಿ ಎಳ್ಕಂಡ್ ಬಂದು ರೋಡ್ ಮ್ಯಾಲೆ ನಿಲ್ಸವ್ರೆ, ಬಸ್ಸೇ ಓಗಂಗಿಲ್ಲ. ಆಟೋಗೆ ಮೈಕ್ ಕಟ್ಕಂಡು ಮನೆ ಬಿಡಿ, ಮನೆ ಬಿಡಿ ಅಂತ ಬಡ್ಕತಾವ್ರೆ. ಒಬ್ಬಮ್ಮ ಟೀವಿನ ಸೀರೇಲಿ ಸುತ್ಕಂಡು ಸೊಂಟುದ್ ಮ್ಯಾಲೆ ಕೂರುಸ್ಕಂಡ್ ಓದ್ಲು, ಮಗೀನಂಗೆ. ಟೀ ಅಂಗ್ಡಿಯೋನು ಅಂಗ್ಡಿನ ಕರೆಂಟ್ ಕಂಬುಕ್ಕೆ ಅಗ್ಗದಲ್ಲಿ ಬಿಗೀತಾವ್ನೆ, ಎಮ್ಮೆ ಕಟ್ದಂಗೆ. ನಾಳೆ ನಾನೂ ಅಂಗ್ಡಿನೂ ಇದ್ರೆ ಕಾಸು ಕೊಡು ಅಂತ ಟೀ ಕೊಟ್ಟ ಪುಣ್ಯಾತ್ಮ."

ರಂಗೇಗೌಡರು ಫೋನಿನ ಹತ್ತಿರ ಬಾಯಿ ತಂದರು. "ಸ್ವಾಮಿ, ಅದು ಎತ್ತಗ್ ಓಗ್ತದಂತಪ್ಪ? ಇಲ್ಲಿ ರಾಗಿ ಮಲ್ಗೈತೆ."

"ಗೌಡ್ರೆ, ಇಲ್ಲಿ ಊರಿಗ್ ಊರೇ ಮಲ್ಗೋ ಅಂಗೈತೆ. ನಿಮ್ಮುನ್ನ ಎದ್ದೇಳ್ಸಕೆ ರಾಗಿ ಒಂದೇ ಸಿಕ್ಕಿದ್ದಾ?"

ಎಲ್ಲರೂ ನಕ್ಕರು, ರಂಗೇಗೌಡರೂ. ಹಾಲು ಹಾಕಲು ಬಂದಿದ್ದ ಅಕ್ಕ ನಗಲಿಲ್ಲ. ಫೋನು ಎತ್ತಿಕೊಂಡು, "ರೀ, ಸಮುದ್ರುದ್ ತಾವ ಓಗ್ಬ್ಯಾಡಿ," ಅಂದಳು.

"ಕಾಯಿ ಇಳಿಸ್ತಾವ್ರೆ ಕಣೆ ಪವಿ. ಇಳಿಸಿದ್ ಮ್ಯಾಲೆ ಒಂದ್ ಗಳಿಗೆನೂ ಇರಲ್ಲ. ನೀನು ರಾಗಿ ನೋಡ್ಕೊ. ಲಾರಿದು ಅಳೇ ಟಾರ್ಪಾಲು ಅಟ್ಟುದ್ ಮ್ಯಾಲೈತೆ, ಇಳ್ಸ್ಕೊ."

ಹೆಂಡತಿಗೆ ಅವನು ಸಮುದ್ರದ ದಂಡೆಯಿಂದ ಹೇಳಿದ್ದು ಅಟ್ಟದ ಮೇಲಿನ ಟಾರ್ಪಾಲಿನ ವಿಷಯ.

ಮಾರನೇ ಬೆಳಗ್ಗೆ ಊರಿನವರೆಲ್ಲ ಕೆರೆ ಏರಿಯ ಚೌಡವ್ವನ ಗುಡಿಗೆ ಹೋದೆವು. ಮನೆಯಲ್ಲಿ ಏನು ತೀರ್ಮಾನ ಆಗದಿದ್ದರೂ ನಮ್ಮಲ್ಲಿ ಹೂ ಕೇಳುವುದು ರೂಢಿ. ಪೂಜಾರಿ ನಿಂಗಪ್ಪಜ್ಜ ಕಣಗಿಲೆ ಹೂಗಳನ್ನು ನೀರಲ್ಲಿ ಅದ್ದಿ ತಾಯಿಯ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವುದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯದು ಬಿದ್ದರೆ ಆಗುತ್ತದೆ ಅಂತ, ಎಡಗಡೆಯದಾದರೆ ಇಲ್ಲ ಅಂತ. ಮದುವೆ, ಬೋರ್‌ವೆಲ್ಲು, ಎಮ್ಮೆ ವ್ಯಾಪಾರ, ಪಂಚಾಯ್ತಿ ಎಲೆಕ್ಷನ್ನು, ಎಲ್ಲಕ್ಕೂ ಹೂ ಕೇಳಿದ್ದೇವೆ. ಸೈಕ್ಲೋನಿಗೆ ಕೇಳಿದ್ದು ಅದೇ ಮೊದಲು.

"ಯಾರು ಕೇಳ್ತೀರಿ?" ಅಂದ ನಿಂಗಪ್ಪಜ್ಜ.

ಅಕ್ಕ ಮುಂದೆ ಬಂದಳು. ಅವಳಿಗೆ ಎರಡು ಲೆಕ್ಕವೂ ಒಂದೇ ಕಡೆ ಕೂಡುತ್ತಿದ್ದವು: ಚಂಡಮಾರುತ ಮೇಲೆ ಹೋದರೆ ಹೊಲದಲ್ಲಿ ರಾಗಿಯೂ ಉಳಿಯಿತು, ಕೆಳಗಿನ ದಂಡೆಯಲ್ಲಿ ಗಂಡನೂ ಉಳಿದ. ಸೆರಗು ಹೊದ್ದು ಕೈ ಮುಗಿದು ಗಟ್ಟಿಯಾಗಿಯೇ ಕೇಳಿದಳು. "ತಾಯಿ, ಅದುನ್ನ ಮೇಲಕ್ ಕಳ್ಸವ್ವ. ಕಳ್ಸೋದಾದ್ರೆ ಬಲಗಡೆ ಕೊಡು."

ಹೊರಗೆ ಸೋನೆ, ಒಳಗೆ ಎಣ್ಣೆ ದೀಪ. ಸ್ವಲ್ಪ ಹೊತ್ತಿಗೆ ಬಲಭುಜದ ಕಣಗಿಲೆ ಜಾರಿ, ತಾಯಿಯ ಸೀರೆ ನೆರಿಗೆ ಮೇಲಿಂದ ಉರುಳಿ ಕೆಳಗೆ ಬಿತ್ತು.

ಗುಡಿಯೊಳಗೆ ಗದ್ದಲವೋ ಗದ್ದಲ. ನಾನು ಗಂಟೆಯ ಕೆಳಗೆ ನಿಂತು ಟೀವಿಯವಳ ದನಿ ತೆಗೆದೆ: "ಚೌಡವ್ವನ ಹವಾಮಾನ ಕೇಂದ್ರದ ಪ್ರಕಾರ ಚಂಡಮಾರುತವು ಬಾಲ ಮುದುರಿಕೊಂಡು ಉತ್ತರಾಭಿಮುಖವಾಗಿ ಓಟ ಕಿತ್ತಿದೆ." ನಿಂಗಪ್ಪಜ್ಜನಿಗೂ ನಗು ತಡೆಯಲಾಗಲಿಲ್ಲ. ಅಕ್ಕ ಆ ಹೂವನ್ನು ಕಣ್ಣಿಗೊತ್ತಿಕೊಂಡು, ಮನೆಗೆ ತಂದು, ವೀಳ್ಯದೆಲೆಯ ಮೇಲೆ ದೇವರ ಗೂಡಿನಲ್ಲಿಟ್ಟಳು.

ಅವತ್ತು ಮುಸ್ಸಂಜೆ ಭಾವ ಮತ್ತೆ ಫೋನು ಮಾಡಿದ. ದನಿಯಲ್ಲಿ ಗೆದ್ದವನ ಖುಷಿ.

"ಪವಿ, ತಪ್ಪಿಸ್ಕಂಡೆ ಕಣೆ! ಪೊಲೀಸ್ನೋರು ಲಾರಿಗಳ್ನೆಲ್ಲ ಊರು ಬಿಡಿ ಅಂದ್ರು. ಕೆಳುಗ್ ಓದ್ರೆ ಮಳೆ, ಅದುಕ್ಕೆ ಮೇಲಕ್ ಬಂದ್ಬುಟ್ಟೆ. ಆಂಧ್ರದಲ್ಲಿ ಇವ್ನಿ. ಇಲ್ಲಿ ಮೆಣ್ಸಿನಕಾಯಿ ಲೋಡ್ ಸಿಕ್ತು. ನಾಳೆ ತುಂಬ್ಕಂಡ್ರೆ ನಾಡಿದ್ದು ಮನೆ."

ಅಕ್ಕ ದೇವರ ಗೂಡಿನ ಕಡೆ ನೋಡಿದಳು. ನಾನೂ ನೋಡಿದೆ.

"ರೀ, ಅಲ್ಲಿಂದ ಓಗ್ರಿ," ಅಂದಳು. "ಚೌಡವ್ವ ಅದುನ್ನ ಮೇಲಕ್ ಕಳಿಸ್ತೀನಿ ಅಂತ ಹೂ ಕೊಟ್ಟವ್ಳೆ."

ಅತ್ತಲಿಂದ ನಗು. "ಚೌಡವ್ವುಂಗೆ ಆಂಧ್ರದ್ ದಾರಿ ಎಂಗೆ ಗೊತ್ತೆ? ದುದ್ದದ ಸಂತೆ ದಾಟ್ದೋಳಲ್ಲ ಅವ್ಳು. ಟೀವಿ ನೋಡು, ಅದು ಕೆಳುಗೇ ಬರೋದು ಅಂತಾವ್ರೆ."

ನಿಜ, ಟೀವಿಯಲ್ಲಿ ಆಗಿನ್ನೂ ಹಾಗೇ ಹೇಳುತ್ತಿದ್ದರು. ಅಕ್ಕ ಅದನ್ನೇ ನಂಬಿಕೊಂಡು ಮಲಗಲು ನೋಡಿದಳು. ದೇವಿಯ ಮಾತು ಸುಳ್ಳಾಗಲಿ ಅಂತ ನಮ್ಮನೆಯಲ್ಲಿ ಬೇಡಿಕೊಂಡದ್ದು ಅದೊಂದೇ ಸಲ.

ಬೆಳಗ್ಗೆ ಹಾಲು ಅಳೆಯುತ್ತಿರುವಾಗ ರಂಗೇಗೌಡರ ಮಗಳು ಫೋನು ಹಿಡಿದು ಓಡಿ ಬಂದಳು. ಬಿಳಿ ಚಕ್ರ ರಾತ್ರಿಯಲ್ಲಿ ತಿರುಗಿಕೊಂಡಿತ್ತು. ಮೇಲಕ್ಕೆ. "ಹೂ ನಿಜ ಆಯ್ತು!" ಅಂತ ಯಾರೋ ಕೂಗಿದರು. ನಾನು ಫ್ಯಾಟು ನೋಡುವುದನ್ನು ಅಲ್ಲಿಗೇ ಬಿಟ್ಟು ಮನೆಗೆ ಬಂದೆ. ಅಕ್ಕ ಆಗಲೇ ಫೋನಿನಲ್ಲಿದ್ದಳು.

ಭಾವ ನಿಂತಿದ್ದ ಊರಿನಲ್ಲಿ ದಾರಿಗಳನ್ನೆಲ್ಲ ಮುಚ್ಚಿದ್ದರಂತೆ. ಮುಂದಕ್ಕೂ ಬಿಡರು, ಹಿಂದಕ್ಕೂ ಬಿಡರು. ಇವನು ಒಂದು ಗೋಡೌನಿನ ಎತ್ತರದ ಗೋಡೆಯ ಮರೆಗೆ ಲಾರಿ ನಿಲ್ಲಿಸಿದ್ದ. ಶಾಲೆಗೆ ಬನ್ನಿ ಅಂತ ಜನರನ್ನು ಕರೆದೊಯ್ಯುತ್ತಿದ್ದರು. ಮುದುಕರನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಹೊತ್ತು ಹೋಗುತ್ತಿದ್ದರು. ಮೇಕೆಗಳೂ ಶಾಲೆ ಸೇರಿದ್ದವು.

"ನೀವೂ ಇಸ್ಕೂಲ್ಗೆ ಓಗ್ರಿ," ಅಂದಳು ಅಕ್ಕ.

"ಲಾರಿ ಬಿಟ್ಟು ಎಂಗೆ ಓಗ್ಲಿ? ಒಳ್ಳೆ ಗೋಡೆ ಮರೆ ಐತೆ, ಕ್ಯಾಬಿನ್ನೂ ಗಟ್ಟಿ. ನೋಡವ, ಜೋರಾದ್ರೆ ಓಯ್ತೀನಿ. ಎಲ್ಲಿ, ಕಿಟ್ಟುಂಗ್ ಕೊಡು."

ನಾನು ಫೋನು ತೆಗೆದುಕೊಂಡು ಸ್ಪೀಕರಿಗೆ ಹಾಕಿದೆ.

"ಲಾ, ದೊಡ್ಡ ಕಲಾವಿದ. ಇದುನ್ನ ಕೇಳ್ಸ್ಕೊ," ಅಂದು ಫೋನನ್ನು ಕಿಟಕಿಯಿಂದ ಆಚೆ ಹಿಡಿದ.

ಅದು ಗಾಳಿಯ ಸದ್ದು ಅಂತ ಗೊತ್ತಾಗಲು ನನಗೆ ಹೊತ್ತು ಹಿಡಿಯಿತು. ಬಹಳ ದೊಡ್ಡದೊಂದು ಪ್ರಾಣಿ ಮೂಗಿನಲ್ಲಿ ಉಸಿರು ಬಿಡುತ್ತಾ ನಿಧಾನಕ್ಕೆ ಹತ್ತಿರ ಬರುವಂತಿತ್ತು. ನಡುನಡುವೆ ತಗಡಿನ ಕಿರುಚಾಟ.

"ಎಲ್ಲಿ, ಮಾಡ್ ನೋಡವ ಇದುನ್ನ!"

ನಾನು ಹೊಟ್ಟೆಯಿಂದ ಉಸಿರೆಳೆದು ಹೂಂಕರಿಸಿದೆ.

"ಥೂ, ಅದು ನಿಮ್ಮ ಎಮ್ಮೆ!" ಅಂದ ಭಾವ. ಅಕ್ಕನೂ ಕಣ್ಣೀರಿನ ನಡುವೆ ನಕ್ಕುಬಿಟ್ಟಳು. ಅಷ್ಟಕ್ಕೆ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲೇ ಇಲ್ಲ.

ಅಕ್ಕ ದೇವರ ಗೂಡಿನಿಂದ ಬಾಡಿದ ಕಣಗಿಲೆ ತೆಗೆದುಕೊಂಡು ಬರಿಗಾಲಲ್ಲಿ ಕೆರೆ ಏರಿಗೆ ಹೊರಟಳು. ನಾನು ಹಿಂದೆ ಓಡಿದೆ. ನಿಂಗಪ್ಪಜ್ಜ ಗುಡಿಯ ಮೆಟ್ಟಿಲು ಗುಡಿಸುತ್ತಿದ್ದ. ಅಕ್ಕ ಅಂಗೈ ಚಾಚಿದಳು.

"ಅಜ್ಜ, ಇದುನ್ನ ವಾಪಸ್ ಇಸ್ಕೊ. ನಂಗ್ ಬ್ಯಾಡ."

"ಏನವ್ವ ಇದು?"

"ನಮ್ಮನೆಯೋರು ಮೇಲೇ ಅವ್ರೆ. ನಂಗ್ ಗೊತ್ತಿರ್ಲಿಲ್ಲ ಕೇಳ್ದಾಗ."

ಅಜ್ಜ ಕಡ್ಡಿಪೊರಕೆ ಕೆಳಗಿಟ್ಟ. "ಕೊಟ್ಟ ಹೂವ ಇದುವರ್ಗೂ ಯಾರೂ ಹಿಂದಕ್ ತಂದಿಲ್ಲ ಕಣವ್ವ. ಎಂಗ್ ಇಸ್ಕೊಬೇಕೋ ನಂಗೇ ತಿಳೀದು." ಆದರೂ ಬಾಡಿದ ಹೂವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಾಯಿಯ ಪಾದದ ಬಳಿ ಇಟ್ಟ. ಹೊಸ ಹೂವು ಅದ್ದಿ ಭುಜಕ್ಕೆ ಅಂಟಿಸಿದ. "ಕೇಳ್ಕೊ," ಅಂದ.

ಆ ಹೊತ್ತಿಗೆ ರಂಗೇಗೌಡರು, ಜೊತೆಗೆ ಡೈರಿಯ ಸಾಲಿನಲ್ಲಿದ್ದವರು, ತೆಂಗಿನಕಾಯಿ ಹಿಡಿದು ಹರಕೆ ಒಪ್ಪಿಸಲು ನಗುನಗುತ್ತಾ ಬಂದರು. ಅಕ್ಕನನ್ನು ನೋಡಿ ನಿಂತರು. ನಾನು ವಿಷಯ ಹೇಳಿದೆ. ಯಾರ ದನಿಯಲ್ಲಿ ಹೇಳಿದೆನೋ ನೆನಪಿಲ್ಲ. ರಂಗೇಗೌಡರು ಕೈಯಲ್ಲಿದ್ದ ಕಾಯಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ಎತ್ತಿ ಕಟ್ಟಿದ್ದ ಪಂಚೆ ಕೆಳಗೆ ಬಿಟ್ಟು ಅಕ್ಕನ ಪಕ್ಕ ಬಂದು ನಿಂತು, ನಾನು ಎಷ್ಟೋ ಸಲ ಅಣಕಿಸಿದ ಅದೇ ಮೂಗಿನ ದನಿಯಲ್ಲಿ ಹೇಳಿದರು. "ತಾಯಿ, ಇತ್ತಗೇ ತಿರುಗ್ಸ್ಕೊಳವ್ವ. ರಾಗಿ ಓದ್ರೆ ಓಗ್ಲಿ. ಇಡೀ ಊರಿನ್ ರಾಗಿ ತಗೊ. ನಮ್ ಹುಡುಗನ್ನ ಬಿಟ್ಬುಡು."

ಹಿಂದಿನಿಂದ ಒಬ್ಬೊಬ್ಬರೇ "ಬಿಟ್ಬುಡವ್ವ" ಅಂದರು. ಕೊಯ್ದ ರಾಗಿ ಎಲ್ಲರದೂ ಹೊಲದಲ್ಲಿತ್ತು.

ನಾವು ಕಾದೆವು. ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಹೂಗಳು ಕಲ್ಲಿಗೆ ಮೊಳೆ ಹೊಡೆದಂತೆ ಕೂತಿದ್ದವು. ಅಜ್ಜ ಮತ್ತೆ ಮತ್ತೆ ಗಂಟೆ ಬಾರಿಸಿದ. ಹಾಗೇ ನಿಂತಿದ್ದಾಗ ಗುಡಿಯ ಹೊಸಿಲ ಮೇಲೆ ಏನೋ ಹಳದಿಯಾಗಿ ಬಂದು ಬಿತ್ತು. ತಿರುಗಿ ನೋಡಿದರೆ ಬಿಸಿಲು.

ಅಂಥ ಬಿಸಿಲನ್ನು ನಾನು ಯಾವ ಕೊಯ್ಲಿನಲ್ಲೂ ನೋಡಿಲ್ಲ. ಮೋಡವನ್ನೆಲ್ಲ ಯಾರೋ ಒಂದೇ ಏಟಿಗೆ ಮೇಲಕ್ಕೆ ಎಳೆದುಕೊಂಡಂತೆ ಆಕಾಶ ಬಿಚ್ಚಿಕೊಂಡಿತು. ಕೆರೆ ಮಿನುಗಿತು. ಹೊಲದಲ್ಲಿ ಮಲಗಿದ್ದ ರಾಗಿಯಿಂದ ಹಬೆ ಏಳತೊಡಗಿತು. ಯಾರೂ ಬಿಸಿಲು ಬಂತು ಅನ್ನಲಿಲ್ಲ. ತಲೆ ತಗ್ಗಿಸಿಕೊಂಡು, ಬಿಸಿಲಿಗೆ ನಾಚಿಕೊಂಡವರಂತೆ, ಒಬ್ಬೊಬ್ಬರೇ ಏರಿ ಇಳಿದರು.

ಆಮೇಲಿನದು ಬರೀ ಕಾಯುವುದು. ಟೀವಿಯಲ್ಲಿ ಮುರಿದ ಕಂಬಗಳು, ನೀರು ನಿಂತ ಬೀದಿಗಳು. ಒಂದೊಂದು ಲಾರಿ ತೋರಿಸಿದಾಗಲೂ ಅಕ್ಕ ಎದ್ದು ಹತ್ತಿರ ಹೋಗಿ ನಂಬರ್ ಪ್ಲೇಟು ಹುಡುಕುತ್ತಿದ್ದಳು. ಕೊನೆಗೆ ಭಾವನದೇ ನಂಬರಿನಿಂದ ಫೋನು ಬಂದಾಗ ಎತ್ತಿದವನು ನಾನು. ಅತ್ತ ಯಾರೋ ತೆಲುಗಿನಲ್ಲಿ ಮಾತಾಡುತ್ತಿದ್ದರು. ತೆಲುಗು ಮಿಮಿಕ್ರಿ ಮಾಡಿ ಊರನ್ನೆಲ್ಲ ನಗಿಸಿದ್ದ ನನಗೆ ತೆಲುಗಿನ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಆ ಮನುಷ್ಯ ನಿಧಾನಕ್ಕೆ, ಮಗುವಿಗೆ ಹೇಳುವಂತೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. "ಗೋಡ. ಗೋಡ." ಅದು ಎರಡು ಭಾಷೆಗೂ ಒಂದೇ.

ಭಾವ ಮರೆಗೆ ಅಂತ ನಂಬಿದ್ದ ಗೋಡೆಯೇ ಲಾರಿಯ ಮುಂಭಾಗದ ಮೇಲೆ ಕುಸಿದಿತ್ತು.

ಅವನನ್ನು ತಂದ ಆಂಬುಲೆನ್ಸು ಹಾಸನ ದಾಟಿ ಊರಿಗೆ ಬಂದಾಗಲೂ ಅದೇ ಬಿಸಿಲು. ನಾವು ಮಣ್ಣು ಮಾಡಿ ಬರುವಷ್ಟರಲ್ಲಿ ಕೆರೆ ಹಿಂದಿನ ಹೊಲ ಖಾಲಿಯಾಗಿತ್ತು. ಯಾರೂ ಹೇಳದೆಯೇ ಊರ ಹೆಂಗಸರು ಹೊರೆ ಕಟ್ಟಿ, ಗಂಡಸರು ಹೊತ್ತು, ನಮ್ಮ ಹಿತ್ತಿಲಲ್ಲಿ ಮೆದೆ ಒಟ್ಟುತ್ತಿದ್ದರು. ಮಂಡಿ ನೋವು ಅಂತ ಡೈರಿಯ ಮೆಟ್ಟಿಲನ್ನೇ ಬೈದುಕೊಂಡು ಹತ್ತುವ ರಂಗೇಗೌಡರು ಮೆದೆಯ ನೆತ್ತಿಯ ಮೇಲೆ ನಿಂತು ಹೊರೆ ಹಿಡಿಯುತ್ತಿದ್ದರು. ತಮ್ಮ ಹೊಲದ್ದನ್ನು ಅವರಿನ್ನೂ ಮುಟ್ಟಿರಲಿಲ್ಲ.

ತಿಥಿಗೆ ಮುಂಚೆ ಅಕ್ಕ ಆ ಮೆದೆಯಿಂದ ಒಂದು ಹೊರೆ ಎಳೆದು, ತಾನೇ ಬಡಿದು, ತೂರಿ, ಬೀಸಿಸಿಕೊಂಡು ಬಂದಳು. ಆ ಬಿಸಿಲಲ್ಲಿ ಒಣಗಿದ್ದನ್ನು ಅವಳು ಬಾಯಿಗೆ ಇಡಲಾರಳು ಅಂತ ನಾವು ಅಂದುಕೊಂಡಿದ್ದೆವು. ಅವ್ವ ಹಾಗೆಂದಾಗ ಅಕ್ಕ ಮುದ್ದೆ ಮುರಿಯುತ್ತಾ ಅಂದಳು, "ಅವ್ರು ಬಿತ್ತಿದ್ದು ಕಣವ್ವ. ನಾನ್ ಉಣ್ದೆ ಇನ್ಯಾರುಣ್ಬೇಕು?" ನನ್ನ ತಟ್ಟೆಗೂ ಒಂದು ಮುದ್ದೆ ಹಾಕಿದಳು. ಈ ಮುದ್ದೆ ಉಂಡ ದಿನ ಮಾತಾಡುತ್ತೇನೆ ಅಂದವನು ಮಾತಾಡಲಿಲ್ಲ. ನಾನು ಉಂಡೆ.

ಆಮೇಲೆ ಕೊಯ್ಲಿನ ಹೊತ್ತಿಗೆ ಸೈಕ್ಲೋನು ಬಂದಿದ್ದು ಈ ವರ್ಷವೇ. ಮೊನ್ನೆ ಡೈರಿ ಮುಗಿಸಿ ನಾನೂ ಗುಡಿಗೆ ಹೋದೆ. ಊರೆಲ್ಲ ಸೇರಿತ್ತು. ಈಗ ಬೆನ್ನು ಬಗ್ಗಿಹೋಗಿರುವ ನಿಂಗಪ್ಪಜ್ಜ ಕಣಗಿಲೆ ಅದ್ದಿ ಅಂಟಿಸಿ, "ಏನಂತ ಕೇಳವ?" ಅಂದ. ಹೊಸದಾಗಿ ಊರಿಗೆ ಸೊಸೆಯಾಗಿ ಬಂದ ಹಳೇಕೋಟೆ ಕಡೆಯ ಹುಡುಗಿ, ಪಾಪ, ಏನೂ ತಿಳಿಯದೆ, "ಮೇಲಕ್ ಓಗ್ಲಿ ಅಂತ ಕೇಳಿ ಅಜ್ಜ, ರಾಗಿ ನೆನೀತಾ ಐತೆ," ಅಂದಳು. ಎಲ್ಲರೂ ಅಕ್ಕನ ಕಡೆ ನೋಡಿದರು.

ಅಕ್ಕ ಗದರಲಿಲ್ಲ. ಆ ಹುಡುಗಿಯ ತೋಳು ಹಿಡಿದು, "ಮೇಲೂ ಯಾರೋ ಒಬ್ರು ಲಾರಿ ನಿಲ್ಸ್ಕಂಡಿರ್ತಾರೆ ಕಣವ್ವ," ಅಂದಳು. "ಕೆಳುಗೂ ಇರ್ತಾರೆ."

ನಿಂಗಪ್ಪಜ್ಜ ತಾಯಿಯ ಎರಡೂ ಭುಜದ ಹೂಗಳನ್ನು ತಾನೇ ಕೈಯಾರೆ ಬಿಡಿಸಿ ತಟ್ಟೆಗೆ ಹಾಕಿ, ಎಲ್ಲರಿಗೂ ಒಂದೊಂದು ಎಸಳು ಕೊಟ್ಟು ಕಳಿಸಿದ.

ನಾನೂ ಅಕ್ಕನೂ ಕೆರೆ ಹಿಂದಿನ ಹೊಲಕ್ಕೆ ಹೋದೆವು. ನೆಂದ ರಾಗಿಯನ್ನು ಒಟ್ಟುಮಾಡಿ ಅದೇ ಹಳೇ ಟಾರ್ಪಾಲು ಹೊದಿಸಿದೆವು. ನಾನೊಂದು ತುದಿ, ಅವಳೊಂದು ತುದಿ. ಗಾಳಿ ಒಳಹೊಕ್ಕು ಟಾರ್ಪಾಲು ಉಬ್ಬಿ ಬಡಿದುಕೊಂಡಿತು.

"ಇಂಗಿತ್ತೇನ್ಲಾ ಅವತ್ತು ಅವ್ರು ಕೇಳಿಸಿದ್ದು?" ಅಂದಳು ಅಕ್ಕ, ತುದಿಯ ಮೇಲೆ ಕಲ್ಲು ಹೇರುತ್ತಾ. ಆ ಮಾತನ್ನು ಅವಳು ಎತ್ತಿದ್ದು ಅದೇ ಮೊದಲು.

"ಇಲ್ಲಕ್ಕ. ಅದು ಇದುಕ್ಕಿಂತ ಬಾಳ ದೊಡ್ಡದು."

"ಮಾಡ್ ತೋರ್ಸು."

ಅಂದಿನಿಂದ ಆ ಸದ್ದನ್ನು ನಾನು ಒಬ್ಬನೇ ಇದ್ದಾಗಲೂ ಮಾಡಿ ನೋಡಿರಲಿಲ್ಲ. ಬೇಡ ಅನ್ನೋಣವೆಂದು ಅವಳ ಮುಖ ನೋಡಿದೆ. ಅವಳು ಕಾಯುತ್ತಿದ್ದಳು. ಒದ್ದೆ ಹೊಲದಲ್ಲಿ ಕಾಲೂರಿ ನಿಂತು, ಹೊಟ್ಟೆಯಿಂದ ಉಸಿರೆಳೆದು, ನನಗೆ ಎಷ್ಟು ಸಾಧ್ಯವೋ ಅಷ್ಟು ದೊಡ್ಡದಾಗಿ ಬಿಟ್ಟೆ.

"ಥೂ, ಅದು ನಿಮ್ಮ ಎಮ್ಮೆ!" ಅಂದಳು ಅಕ್ಕ.

ಅದೇ ಎಳೆತ, ಕೊನೆಯಲ್ಲಿ ಅದೇ ಅರಕಲಗೂಡಿನ ಮುರಿತ. ನನ್ನ ಬಾಯಿಗೆ ಎಂದೂ ಸರಿಯಾಗಿ ಸಿಗದ ಭಾವನ ದನಿ. ಮತ್ತೊಂದು ಸಲ ಅನ್ನಲಿ ಅಂತ ನಾನು ಇನ್ನೊಮ್ಮೆ ಎಮ್ಮೆಯಂತೆಯೇ ಕೂಗಿದೆ.